ಹಾಡಿಗೆ ಮೊದಲು ಸಿಕ್ಕ ಪೌರತ್ವ

1944ರ ಅಕ್ಟೋಬರ್‌ನಲ್ಲಿ ಪೆರುವಿನ ಅಧ್ಯಕ್ಷ ಮಾನುಯೆಲ್ ಪ್ರಾದೊ ಒಂದು ಆದೇಶಕ್ಕೆ ಸಹಿ ಹಾಕಿದರು. ಇನ್ನು ಮುಂದೆ ಪ್ರತಿವರ್ಷ ಅಕ್ಟೋಬರ್ 31 'ಕ್ರಿಯೋಯೊ ಹಾಡಿನ ದಿನ' ಎಂದು ಅದು ಸಾರಿತು. ಪೆಸಿಫಿಕ್ ಕರಾವಳಿಯ, ಅದರಲ್ಲೂ ರಾಜಧಾನಿ ಲಿಮಾದ, ಸ್ಪ್ಯಾನಿಷ್ ನುಡಿಯ ಹಾಡುಗಳೇ ಈ ಕ್ರಿಯೋಯೊ ಹಾಡುಗಳು. ಆ ಹೊತ್ತಿಗೆ ಪೆರುವಿನ ಬಹುಪಾಲು ಜನ ಇದ್ದದ್ದು ಕರಾವಳಿಯಲ್ಲಲ್ಲ, ಆಂಡೀಸ್ ಪರ್ವತದ ಮೇಲೆ. ಅವರಲ್ಲಿ ಲಕ್ಷಾಂತರ ಮಂದಿಯ ಮನೆಮಾತು ಕೆಚುವಾ ಅಥವಾ ಆಯ್ಮಾರಾ. ಅವರ ಹಾಡಿಗೆ ಯಾವ ದಿನವೂ ಸಿಗಲಿಲ್ಲ. ಒಂದು ನಗರದ ಕೆಲವು ಕೇರಿಗಳ ಸಂಗೀತ ಇಡೀ ದೇಶದ ದನಿಯೆಂದು ಸರ್ಕಾರಿ ಕಾಗದದ ಮೇಲೆ ದಾಖಲಾಯಿತು.

ಹಾಗೆಂದು ಆ ಸಂಗೀತ ಸಿರಿವಂತರ ಸೊತ್ತಾಗಿತ್ತು ಎಂದುಕೊಳ್ಳಬಾರದು. ಯುರೋಪಿನ ವಾಲ್ಟ್ಸ್ 19ನೇ ಶತಮಾನದಲ್ಲಿ ಲಿಮಾದ ದೊಡ್ಡ ಮನೆಗಳ ಹಜಾರಕ್ಕೆ ಬಂದದ್ದು ನಿಜ. ಆದರೆ ಅದು ಪೆರುವಿನದಾದದ್ದು ಬಾರಿಯೋಸ್ ಆಲ್ತೋಸ್‌ನಂಥ ಬಡಾವಣೆಗಳ ವಠಾರಗಳಲ್ಲಿ. ಇಕ್ಕಟ್ಟಾದ ಓಣಿಯ ಎರಡೂ ಬದಿ ಒಂದೊಂದು ಕೋಣೆಯ ಮನೆಗಳು, ಎಲ್ಲರಿಗೂ ಸೇರಿ ಒಂದೇ ನಲ್ಲಿ. ಅಲ್ಲಿ ಚಮ್ಮಾರರು, ಗಾರೆ ಕೆಲಸದವರು, ನೇಯ್ಗೆ ಕಾರ್ಖಾನೆಯ ಕಾರ್ಮಿಕರು, ಬಟ್ಟೆ ಒಗೆಯುವ ಹೆಂಗಸರು ವಾಸವಿದ್ದರು. ಹುಟ್ಟುಹಬ್ಬಕ್ಕೋ ನಾಮಕರಣಕ್ಕೋ ಎರಡು ಗಿಟಾರ್ ಹಿಡಿದು ಕುಳಿತರೆ ಹಾಡು ಎರಡು ಮೂರು ದಿನ ನಡೆಯುತ್ತಿತ್ತು. ಈ ಕೂಟಗಳಿಗೆ ಹರಾನಾ ಎಂದು ಹೆಸರು. ಮೂರು ಮಾತ್ರೆಗಳ ವಾಲ್ಟ್ಸ್ ಇಲ್ಲಿ ಕರಿಯರ ತಾಳದ ಪಟ್ಟು ಕಲಿತು ಮೈ ಬದಲಿಸಿಕೊಂಡಿತು. 1911ರಲ್ಲಿ ಮೋಂತೆಸ್ ಮತ್ತು ಮನ್ರೀಕೆ ಎಂಬ ಜೋಡಿ ನ್ಯೂಯಾರ್ಕಿಗೆ ಹೋಗಿ ಕೊಲಂಬಿಯಾ ಕಂಪನಿಗೆ ಈ ಹಾಡುಗಳನ್ನು ಧ್ವನಿಮುದ್ರಿಸಿತು. ಆ ಕಾಲದಲ್ಲಿ ಲಿಮಾದ ಮೇಲ್ವರ್ಗಕ್ಕೆ ಇದು ವಠಾರದ ಗದ್ದಲ.

ಈ ವಠಾರಗಳ ಮಹಾಕವಿ ಫೆಲಿಪೆ ಪಿಂಗ್ಲೊ ಆಲ್ವಾ. ಹುಟ್ಟಿದ್ದು 1899ರಲ್ಲಿ. ಗುಮಾಸ್ತಿಕೆಯಂಥ ಸಣ್ಣಪುಟ್ಟ ಕೆಲಸ ಮಾಡಿಕೊಂಡು ಹಾಡು ಕಟ್ಟಿದ ಇವರು 1936ರಲ್ಲಿ, ಇನ್ನೂ ನಲವತ್ತು ತುಂಬದಿರುವಾಗ, ಬಡತನದಲ್ಲೇ ತೀರಿಕೊಂಡರು. ಇವರ 'ಎಲ್ ಪ್ಲೆಬೆಯೊ' ಸಿರಿವಂತರ ಮಗಳನ್ನು ಪ್ರೀತಿಸಿದ ಬಡವನ ಹಾಡು. ಅದರಲ್ಲಿ ಅಳಲಿನ ಜೊತೆಗೆ ನೇರವಾದ ಪ್ರಶ್ನೆಯೂ ಇದೆ. ಪಿಂಗ್ಲೊ ಸತ್ತ ಎಂಟು ವರ್ಷಕ್ಕೆ ಅಧ್ಯಕ್ಷರ ಆದೇಶ ಬಂತು. ಪೆರುವಿನ ಸಂಗೀತದ ಚರಿತ್ರೆ ಓದುತ್ತಾ ಹೋದರೆ ಈ ಕ್ರಮ ಮತ್ತೆ ಮತ್ತೆ ಕಾಣುತ್ತದೆ. ಮೊದಲು ಮೂಗು ಮುರಿಯುತ್ತಾರೆ, ಆಮೇಲೆ ಹಾಡನ್ನು ತಮ್ಮದೆನ್ನುತ್ತಾರೆ. ಹಾಡಿದವರ ಸರದಿ ಬರುವುದು ತೀರಾ ತಡವಾಗಿ, ಕೆಲವೊಮ್ಮೆ ಬರುವುದೇ ಇಲ್ಲ. ಪೆರುವಿನ ರಾಷ್ಟ್ರೀಯತೆಯ ಬಗ್ಗೆ ಯಾವ ಭಾಷಣಕ್ಕಿಂತಲೂ ಹೆಚ್ಚನ್ನು ಈ ಅಂತರವೇ ಹೇಳುತ್ತದೆಂದು ನಾನು ನಂಬುತ್ತೇನೆ.

ಪರ್ವತದ ಕಡೆಗೆ ಹೋಗೋಣ. ಆಂಡೀಸ್‌ನ ಹಾಡು ಎಂದರೆ ಮುಖ್ಯವಾಗಿ ವಾಯ್ನೊ: ಎರಡು ಮಾತ್ರೆಗಳ ಚುರುಕು ನಡಿಗೆ, ಅದರ ಮೇಲೆ ವಿಷಾದದ ಸ್ವರಸಂಚಾರ. ಕುಣಿಯುತ್ತಲೇ ಅಳಬಹುದಾದ ಹಾಡು. ಬಾಯಿಗೆ ನೇರ ಹಿಡಿದು ಊದುವ ಕೇನಾ ಎಂಬ ಬಿದಿರು ಕೊಳಲು ಸ್ಪೇನಿನವರು ಬರುವ ಮೊದಲಿನದು. ಅವರು ತಂದ ಹಾರ್ಪ್, ಪಿಟೀಲು, ಗಿಟಾರ್‌ಗಳನ್ನೂ ಇಲ್ಲಿಯ ಜನ ತಮ್ಮದಾಗಿಸಿಕೊಂಡರು. ಗಿಟಾರಿನ ವಂಶದಿಂದಲೇ ಹತ್ತು ತಂತಿಗಳ ಪುಟ್ಟ ಚರಾಂಗೊ ಹುಟ್ಟಿತು. ಟಿಟಿಕಾಕಾ ಸರೋವರದ ಸುತ್ತಲಿನ ಆಯ್ಮಾರಾ ಊರುಗಳಲ್ಲಿ ನುಡಿಸುವ ಸಿಕು ಎಂಬ ವಾದ್ಯವನ್ನಂತೂ ಒಬ್ಬರೇ ನುಡಿಸುವಂತೆಯೇ ಇಲ್ಲ. ಜೋಡಿಸಿ ಕಟ್ಟಿದ ಬಿದಿರು ಕೊಳವೆಗಳ ಎರಡು ಸಾಲುಗಳಿರುತ್ತವೆ. ಒಂದರ ಹೆಸರು ಇರಾ, ಇನ್ನೊಂದರದು ಅರ್ಕಾ. ಸ್ವರಗಳು ಒಂದು ಬಿಟ್ಟು ಒಂದರಂತೆ ಎರಡಕ್ಕೂ ಹಂಚಿಹೋಗಿರುತ್ತವೆ. ಇರಾ ಹಿಡಿದವರು ಒಂದು ಸ್ವರ ಊದಿದರೆ ಮುಂದಿನದನ್ನು ಅರ್ಕಾ ಹಿಡಿದವರು ಊದಬೇಕು. ಇಬ್ಬರ ಉಸಿರು ಹೊಂದಿದರೆ ಮಾತ್ರ ರಾಗ ಪೂರ್ಣವಾಗುತ್ತದೆ. ಹಬ್ಬದಲ್ಲಿ ಹತ್ತಾರು ಜೋಡಿಗಳು ವೃತ್ತದಲ್ಲಿ ನಡೆಯುತ್ತಾ ಹೀಗೆ ಊದುತ್ತವೆ. ಒಬ್ಬ ಕಲಾವಿದನ ಮೆರೆದಾಟಕ್ಕೆ ಅಲ್ಲಿ ಜಾಗವಿಲ್ಲ. ಬೇಕಾದದ್ದು ಊರೆಲ್ಲ ಒಂದಾದ ದಟ್ಟ ನಾದ.

ಈ ಪರ್ವತ ಸಂಗೀತಕ್ಕೆ ಲಿಮಾ ಮೊದಲು ಕಿವಿಗೊಟ್ಟದ್ದು ನಾಟಕಶಾಲೆಯಲ್ಲಿ. ಹುವಾನುಕೊ ಪ್ರಾಂತ್ಯದ ದಾನಿಯೆಲ್ ಅಲೊಮಿಯಾ ರೋಬ್ಲೆಸ್ ಹಳ್ಳಿ ಹಳ್ಳಿ ತಿರುಗಿ ರಾಗಗಳನ್ನು ಸಂಗ್ರಹಿಸಿದವರು. ಅವರ ಸಂಗೀತವಿದ್ದ 'ಎಲ್ ಕೊಂಡೋರ್ ಪಾಸಾ' ಎಂಬ ಗೀತನಾಟಕ 1913ರ ಡಿಸೆಂಬರ್‌ನಲ್ಲಿ ಲಿಮಾದ ಮಾತ್ಸಿ ರಂಗಮಂದಿರದಲ್ಲಿ ಮೊದಲು ಪ್ರದರ್ಶನಗೊಂಡಿತು. ಅದರ ಕಥೆ ನಡೆಯುವುದು ಆಂಡೀಸ್‌ನ ಒಂದು ಗಣಿಯಲ್ಲಿ: ವಿದೇಶಿ ಧಣಿಗಳ ದರ್ಪಕ್ಕೆ ಮೂಲನಿವಾಸಿ ಕಾರ್ಮಿಕರು ತಿರುಗಿ ಬೀಳುತ್ತಾರೆ, ಬಹುಕಾಲ ಕಾಣದಿದ್ದ ಕಾಂಡರ್ ಹಕ್ಕಿ ಕೊನೆಗೆ ಬೆಟ್ಟದ ಮೇಲೆ ಮತ್ತೆ ಹಾರುತ್ತದೆ. ಸೆರ್ರೊ ದೆ ಪಾಸ್ಕೊದಲ್ಲಿ ಅಮೆರಿಕದ ಕಂಪನಿಯೊಂದು ನಿಜವಾಗಿಯೂ ಗಣಿಗಳನ್ನು ಆಳುತ್ತಿದ್ದ ಕಾಲ ಅದು. ಪ್ಯಾರಿಸ್‌ನಲ್ಲಿ ಲೋಸ್ ಇಂಕಾಸ್ ತಂಡ ನುಡಿಸಿದ ಆ ರಾಗವನ್ನು ಕೇಳಿದ ಪಾಲ್ ಸೈಮನ್ 1970ರಲ್ಲಿ ಅದಕ್ಕೆ ಇಂಗ್ಲಿಷ್ ಸಾಹಿತ್ಯ ಹೊಂದಿಸಿ ಲೋಕಕ್ಕೆಲ್ಲ ಮುಟ್ಟಿಸಿದರು. ಅದು ಹಳೆಯ ಜನಪದ ರಾಗ ಎಂಬ ತಿಳಿವಳಿಕೆಯಲ್ಲಿದ್ದ ಅವರ ಮೇಲೆ ರೋಬ್ಲೆಸ್ ಅವರ ಮಗ, ಚಿತ್ರನಿರ್ದೇಶಕ ಅರ್ಮಾಂದೊ ರೋಬ್ಲೆಸ್ ಗೊದೊಯ್, ದಾವೆ ಹೂಡಿ ತಂದೆಯ ಹೆಸರು ಉಳಿಸಿದರು. 2004ರಲ್ಲಿ ಪೆರು ಆ ಕೃತಿಯನ್ನು ರಾಷ್ಟ್ರದ ಸಾಂಸ್ಕೃತಿಕ ಪರಂಪರೆ ಎಂದು ಘೋಷಿಸಿತು. ಆ ರಾಗ ಇಂದು ಜಗತ್ತಿನ ಎಲ್ಲ ಮೂಲೆಯಲ್ಲೂ ಕೇಳುತ್ತದೆ. ಅದರ ಹಿಂದಿನ ಗಣಿ ಕಾರ್ಮಿಕರ ಕಥೆ ಮಾತ್ರ ರಾಗದ ಜೊತೆ ಪ್ರಯಾಣ ಮಾಡಲಿಲ್ಲ.

1920ರ ದಶಕದಲ್ಲಿ ಅಧ್ಯಕ್ಷ ಅಗುಸ್ತೊ ಲೆಗಿಯಾ ಆಳ್ವಿಕೆಯಲ್ಲಿ ಪರ್ವತದ ತಂಡಗಳು ಲಿಮಾ ಅಂಚಿನ ಅಮಾನ್ಕಾಯೆಸ್ ಬಯಲಿನ ಸ್ಪರ್ಧೆಗಳಿಗೆ ಬಂದವು. ನಗರದವರಿಗೆ ಬೇಕಾಗಿದ್ದದ್ದು ಇಂಕಾ ವೈಭವ, ಗರಿಯ ಕಿರೀಟ, ಭವ್ಯ ಭೂತಕಾಲ. ಪಕ್ಕದಲ್ಲೇ ಜಮೀನ್ದಾರನ ಹೊಲದಲ್ಲಿ ಬಿಟ್ಟಿ ದುಡಿಯುತ್ತಿದ್ದ ಜೀವಂತ ಮನುಷ್ಯ ಆ ಚಿತ್ರದಲ್ಲಿರಲಿಲ್ಲ. ಇಮಾ ಸುಮಾಕ್ ಎಂಬ ಅದ್ಭುತ ಕಂಠದ ಗಾಯಕಿ 1950ರಲ್ಲಿ ಅಮೆರಿಕದ ಕ್ಯಾಪಿಟಲ್ ಕಂಪನಿಯ ಮೂಲಕ 'ಇಂಕಾ ರಾಜಕುಮಾರಿ'ಯಾಗಿ ವಿಶ್ವಪ್ರಸಿದ್ಧರಾದದ್ದು ಇದೇ ಕಲ್ಪನೆಯ ಮುಂದುವರಿಕೆ.

ಪರ್ವತದ ಜನರ ಈ ಕಲ್ಪಿತ ಚಿತ್ರವನ್ನು ಕಟುವಾಗಿ ವಿರೋಧಿಸಿದವರು ಕಾದಂಬರಿಕಾರ ಹೊಸೆ ಮರಿಯಾ ಅರ್ಗೇದಾಸ್. ಪೆರುವಿನ ಸಂಗೀತ ಅರ್ಥವಾಗಬೇಕಿದ್ದರೆ ಈ ಒಬ್ಬ ಮನುಷ್ಯನ ಬದುಕನ್ನು ತಿಳಿದರೆ ಸಾಕು ಎನ್ನುವಷ್ಟು ನನಗೆ ಅವರ ಮೇಲೆ ಗೌರವ. 1911ರಲ್ಲಿ ಆಂದಾವಾಯ್ಲಾಸ್‌ನಲ್ಲಿ ಹುಟ್ಟಿದ ಅರ್ಗೇದಾಸ್ ಎಳವೆಯಲ್ಲೇ ತಾಯಿಯನ್ನು ಕಳೆದುಕೊಂಡರು. ಮಲತಾಯಿ ಹುಡುಗನನ್ನು ಅಡುಗೆಮನೆಯ ಆಳುಗಳ ಜೊತೆ ಬಿಟ್ಟಳು. ಶಿಕ್ಷೆಯೆಂದು ಕೊಟ್ಟದ್ದು ಅವರಿಗೆ ವರವಾಯಿತು: ಕೆಚುವಾ ನುಡಿ, ಆ ನುಡಿಯ ಹಾಡು, ಹಾಡುವವರ ಮಮತೆ ಎಲ್ಲವೂ ಸಿಕ್ಕಿದ್ದು ಅಲ್ಲೇ. ಬಿಳಿಯರ ಮನೆಯ ಮಗ ಕೆಚುವಾ ಮನಸ್ಸಿನವನಾಗಿ ಬೆಳೆದ. ಮುಂದೆ 1940ರ ದಶಕದ ಕೊನೆಗೆ ಶಿಕ್ಷಣ ಸಚಿವಾಲಯದ ಜಾನಪದ ವಿಭಾಗದಲ್ಲಿದ್ದಾಗ, ಪರ್ವತದ ಕಲಾವಿದರ ಹಾಡುಗಳನ್ನು ಅವು ಇರುವಂತೆಯೇ ಧ್ವನಿಮುದ್ರಿಸಲು ಗ್ರಾಮಫೋನ್ ಕಂಪನಿಯ ಮನವೊಲಿಸಿದರು. ಯಾವ ಊರಿನವರು ಯಾವ ಶೈಲಿಯವರು ಎಂದು ಕಲಾವಿದರನ್ನು ನೋಂದಾಯಿಸುವ ವ್ಯವಸ್ಥೆಯನ್ನೂ ನಡೆಸಿದರು. 1964ರ 'ತೋದಾಸ್ ಲಾಸ್ ಸಾಂಗ್ರೆಸ್' ಕಾದಂಬರಿಯನ್ನು ಅವರು ಅರ್ಪಿಸಿದ್ದು ಚರಾಂಗೊ ವಾದಕ ಹೈಮೆ ಗ್ವಾರ್ದಿಯಾಗೆ. ಕೊನೆಯ ಕಾದಂಬರಿಯ ಅರ್ಪಣೆಯಲ್ಲಿರುವ ಎರಡು ಹೆಸರುಗಳಲ್ಲಿ ಒಂದು ಆಯಾಕುಚೊದ ಹಳ್ಳಿಯ ಪಿಟೀಲುಗಾರ ಮಾಕ್ಸಿಮೊ ದಾಮಿಯಾನ್ ಅವರದು. 1969ರಲ್ಲಿ ಅರ್ಗೇದಾಸ್ ಪ್ರಾಣ ಕಳೆದುಕೊಂಡಾಗ ಅವರ ಶವಸಂಸ್ಕಾರದಲ್ಲಿ ಪಿಟೀಲು ನುಡಿಸಿದ್ದೂ ಇದೇ ದಾಮಿಯಾನ್.

ಅಷ್ಟರಲ್ಲಿ ಪರ್ವತವೇ ಲಿಮಾಕ್ಕೆ ಇಳಿಯತೊಡಗಿತ್ತು. 1940ರಲ್ಲಿ ಸುಮಾರು ಆರೂವರೆ ಲಕ್ಷ ಜನರಿದ್ದ ನಗರ 1981ರ ವೇಳೆಗೆ 46 ಲಕ್ಷ ದಾಟಿತು. ಭೂಮಿಯಿಲ್ಲದೆ, ಹೊಟ್ಟೆಪಾಡಿಗೆ ಬಂದವರು ಬೋಳುಗುಡ್ಡಗಳ ಮೇಲೆ ಚಾಪೆಯ ಗೋಡೆ ಕಟ್ಟಿಕೊಂಡು ನೆಲೆಸಿದರು. ಭಾನುವಾರ ಬಂತೆಂದರೆ ಅವರು ಹೋಗುತ್ತಿದ್ದದ್ದು 'ಕೊಲಿಸೆಯೊ'ಗಳಿಗೆ. ನಮ್ಮ ನಾಟಕ ಕಂಪನಿಗಳ ಡೇರೆಯ ಹಾಗೆ, ಮರದ ಬೆಂಚು, ಮೇಲೊಂದು ಹೊದಿಕೆ, ಬೆಳಗಿನಿಂದ ರಾತ್ರಿಯವರೆಗೆ ಹಾಡು ಕುಣಿತ. ಒಂದೊಂದು ಪ್ರಾಂತ್ಯಕ್ಕೆ ಒಬ್ಬೊಬ್ಬ ತಾರೆ. ಅಂಕಾಶ್‌ನವರಿಗೆ ಪಾಸ್ತೊರಿತಾ ವಾರಾಸಿನಾ. ವಾಂಕಾಯೊ ಕಡೆಯವರಿಗೆ ಪಿಕಾಫ್ಲೋರ್ ದೆ ಲೋಸ್ ಆಂದೆಸ್, ಫ್ಲೋರ್ ಪುಕಾರಿನಾ. ಅವರ ಡಿಸ್ಕುಗಳು ಅಪಾರವಾಗಿ ಮಾರಾಟವಾದವು. ರೇಡಿಯೊ ಮಾತ್ರ ವಾಯ್ನೊಗೆ ನಸುಕಿನ ಹೊತ್ತನ್ನಷ್ಟೇ ಕೊಟ್ಟಿತು. ಮನೆಗೆಲಸದ ಹೆಣ್ಣುಮಕ್ಕಳು, ಮಾರುಕಟ್ಟೆಗೆ ಹೊರಟ ಹಮಾಲಿಗಳು ಎದ್ದಿರುವ, ಧಣಿಗಳು ನಿದ್ರಿಸುವ ಹೊತ್ತು ಅದು. 'ಹಿಲ್ಗೆರೊ ದೆಲ್ ವಾಸ್ಕರಾನ್' ಎಂದು ಹೆಸರಾದ ಅಂಕಾಶ್‌ನ ಹಾಡುಗಾರ ಎರ್ನೆಸ್ತೊ ಸಾಂಚೆಸ್ ಫಹಾರ್ದೊ 1978ರಲ್ಲಿ ಸಂವಿಧಾನ ಸಭೆಗೇ ಆಯ್ಕೆಯಾದರು. ಕೊಲಿಸೆಯೊಗಳ ಶಕ್ತಿ ಎಷ್ಟಿತ್ತು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಮಾಂತಾರೊ ಕಣಿವೆಯ ವಾದ್ಯವೃಂದಗಳು ಹಾರ್ಪ್, ಪಿಟೀಲಿನ ಜೊತೆ ಕ್ಲಾರಿನೆಟ್, ಆಮೇಲೆ ಸಾಲುಸಾಲು ಸ್ಯಾಕ್ಸೊಫೋನ್‌ಗಳನ್ನು ಸೇರಿಸಿಕೊಂಡವು. ಇದು ಶುದ್ಧವಲ್ಲ ಎಂದು ಜಾನಪದದ ಮಡಿವಂತರು ಆಕ್ಷೇಪಿಸಿದರು. ಕಣಿವೆಯ ಜನ ಲೆಕ್ಕಿಸಲಿಲ್ಲ. ಇಂದು ಆ ಸ್ಯಾಕ್ಸೊಫೋನ್‌ಗಳಿಲ್ಲದೆ ಅಲ್ಲಿ ಮದುವೆಯಿಲ್ಲ, ಜಾತ್ರೆಯಿಲ್ಲ. ಅವರು ಮಾಡಿದ್ದೇ ಸರಿ. ತಮ್ಮ ಪರಂಪರೆಯೊಳಕ್ಕೆ ಏನನ್ನು ಬಿಟ್ಟುಕೊಳ್ಳಬೇಕೆಂಬ ತೀರ್ಮಾನ ಆ ಪರಂಪರೆಯನ್ನು ಬದುಕುತ್ತಿರುವವರದೇ.

ಕರಾವಳಿಗೂ ಪರ್ವತಕ್ಕೂ ನಡುವಿನ ಗೋಡೆ ಜನ ಹೇಳುವಷ್ಟು ಗಟ್ಟಿಯಾಗಿಯೂ ಇರಲಿಲ್ಲ. ಲಿಮಾದ ಸೊಬಗನ್ನು ಹಾಡಾಗಿಸಿದ, 'ಲಾ ಫ್ಲೋರ್ ದೆ ಲಾ ಕನೇಲಾ' ಬರೆದ ಚಬೂಕಾ ಗ್ರಾಂದಾ ಹುಟ್ಟಿದ್ದು ಆಪುರಿಮಾಕ್‌ನ ಗಣಿ ಪ್ರದೇಶದಲ್ಲಿ. 1978ರ ವಿಶ್ವಕಪ್ ಫುಟ್‌ಬಾಲ್‌ಗಾಗಿ ಮಿಲಿಟರಿ ಸರ್ಕಾರದ ಕೋರಿಕೆಯಂತೆ 'ಕೊಂತಿಗೊ ಪೆರು' ಎಂಬ ವಾಲ್ಟ್ಸ್ ಕಟ್ಟಿದ ಅಗುಸ್ತೊ ಪೋಲೊ ಕಾಂಪೋಸ್ ಊರು ಆಯಾಕುಚೊದ ಪೂಕಿಯೊ. ಅರ್ಗೇದಾಸ್ ತಮ್ಮ ಮೊದಲ ಕಾದಂಬರಿಗೆ ನೆಲೆಯಾಗಿಸಿಕೊಂಡದ್ದೂ ಇದೇ ಊರನ್ನು. 36 ವರ್ಷಗಳ ನಂತರ ಪೆರು ತಂಡ 2018ರ ವಿಶ್ವಕಪ್‌ಗೆ ಮರಳಿದಾಗ ಕ್ರೀಡಾಂಗಣ ತುಂಬ ಜನ ಹಾಡಿದ್ದು ಇದೇ ಹಾಡನ್ನು. ಕರಾವಳಿಯ ಅತ್ಯಂತ ಪ್ರಿಯ ದೇಶಭಕ್ತಿಯ ಹಾಡು ಪರ್ವತದಲ್ಲಿ ಹುಟ್ಟಿದವರ ಕೊಡುಗೆ. ಇತ್ತ ಲಿಮಾದ ಹೆಸರಾಂತ ಕ್ರಿಯೋಯೊ ಗಾಯಕಿ ಅಲಿಸಿಯಾ ಮಗೀನ್ಯಾ ಮಾಂತಾರೊ ಕಣಿವೆಯ ಹಾಡುಗಳನ್ನು ಶ್ರದ್ಧೆಯಿಂದ ಕಲಿತು, ಅಲ್ಲಿಯ ಉಡುಗೆ ತೊಟ್ಟು ವೇದಿಕೆಯೇರಿದರು.

ಈಗ ಕರಿಯರ ಸಂಗೀತದ ಮಾತು. ನನ್ನ ಮಟ್ಟಿಗೆ ಪೆರುವಿನ ಕಥೆಯ ಅತ್ಯಂತ ನೋವಿನ, ಅತ್ಯಂತ ಬೆರಗಿನ ಭಾಗ ಇದು. 1821ರಲ್ಲಿ ಸ್ವಾತಂತ್ರ್ಯ ಘೋಷಣೆಯಾದಾಗ ರಾಷ್ಟ್ರಗೀತೆಗಾಗಿ ಸ್ಪರ್ಧೆ ನಡೆಯಿತು. ಗೆದ್ದ ರಾಗ ಹೊಸೆ ಬೆರ್ನಾರ್ದೊ ಅಲ್ಸೆದೊ ಅವರದು. ಅವರ ತಾಯಿ ಆಫ್ರಿಕನ್ ಮೂಲದ ಹೆಂಗಸು. ಬಿಡುಗಡೆಯನ್ನು ಸಾರುವ ಆ ಗೀತೆಯನ್ನು ಅದೇ ವರ್ಷ ಲಿಮಾದಲ್ಲಿ ಹಾಡಿದರು. ಪೆರುವಿನಲ್ಲಿ ಗುಲಾಮಗಿರಿ ರದ್ದಾದದ್ದು 1854ರ ಡಿಸೆಂಬರ್‌ನಲ್ಲಿ. ನಡುವಿನ 33 ವರ್ಷ ಆ ಗೀತೆ ಮೊಳಗುತ್ತಲೇ ಇತ್ತು, ಕಬ್ಬಿನ, ಹತ್ತಿಯ ತೋಟಗಳಲ್ಲಿ ಮನುಷ್ಯರು ಮಾರಾಟವಾಗುತ್ತಲೇ ಇದ್ದರು.

ಡೋಲು ಕೈಗೆ ಸಿಗದ ಆ ಜನ ಸರಕು ತುಂಬುವ ಮರದ ಪೆಟ್ಟಿಗೆಯ ಮೇಲೆಯೇ ಕುಳಿತು ಬಾರಿಸಿದರು. ಅದೇ ಕಹೋನ್. ಸತ್ತ ಕತ್ತೆಯ ದವಡೆ ಒಣಗಿ ಹಲ್ಲು ಸಡಿಲವಾದರೆ ಅದೂ ತಾಳವಾದ್ಯ. ಚರ್ಚಿನ ಕಾಣಿಕೆ ಡಬ್ಬಿಯ ಆಕಾರದ ಪುಟ್ಟ ಪೆಟ್ಟಿಗೆ ಇನ್ನೊಂದು. ಆದರೂ 20ನೇ ಶತಮಾನದ ನಡುವಿನ ಹೊತ್ತಿಗೆ ಈ ಹಾಡುಗಳಲ್ಲಿ ಬಹುಪಾಲು ಮರೆತುಹೋಗಿದ್ದವು. ಕೆಲವು ಹಿರಿಯರ ನಾಲಗೆಯ ಮೇಲೆ ತುಂಡು ತುಂಡಾಗಿ ಉಳಿದಿದ್ದವು. 1956ರಲ್ಲಿ ಹೊಸೆ ದುರಾಂದ್ ಎಂಬ ವಿದ್ವಾಂಸರು ಪಾಂಚೊ ಫಿಯೆರ್ರೊ ತಂಡ ಕಟ್ಟಿ ಇವನ್ನು ವೇದಿಕೆಗೆ ತಂದರು. ಬಳಿಕ ಕವಿ ನಿಕೊಮೆಡೆಸ್ ಸಾಂತಾ ಕ್ರೂಸ್, ಅವರ ಅಕ್ಕ ವಿಕ್ಟೋರಿಯಾ ಕುಮಾನಾನಾ ತಂಡದಲ್ಲಿ ಇನ್ನೂ ಆಳಕ್ಕೆ ಹೋದರು. ಲಾಂದೊ ಎಂಬ ನೃತ್ಯರೂಪದ ಹೆಜ್ಜೆ ಹೇಗಿತ್ತೆಂದು ಹೇಳುವವರು ಯಾರೂ ಇರಲಿಲ್ಲ. ವಿಕ್ಟೋರಿಯಾ ತಮ್ಮ ಮೈಯೊಳಗಿನ ನೆನಪನ್ನೇ ನಂಬಿ ಅದನ್ನು ಮತ್ತೆ ಕಟ್ಟಿದರು. ಬಾಲ್ಯದಲ್ಲಿ ಮೈಬಣ್ಣಕ್ಕಾಗಿ ಗೆಳತಿಯರ ಗುಂಪಿನಿಂದ ಹೊರದಬ್ಬಿಸಿಕೊಂಡ ನೋವನ್ನು ಅವರು ಲಯಬದ್ಧ ಕವಿತೆಯಾಗಿಸಿ ಅಭಿನಯಿಸಿದ್ದು ಇಂದಿಗೂ ಲ್ಯಾಟಿನ್ ಅಮೆರಿಕದುದ್ದಕ್ಕೂ ಹೆಣ್ಣುಮಕ್ಕಳ ಬಾಯಲ್ಲಿದೆ. ಹೀಗೆ ಕಟ್ಟಿದ್ದು ಎಷ್ಟು ಹಳೆಯದು, ಎಷ್ಟು ಹೊಸದು ಎಂದು ಸಂಶೋಧಕರು ಚರ್ಚಿಸುತ್ತಾರೆ, ಚರ್ಚಿಸಲಿ. ದಾಖಲೆಯೇ ಇಲ್ಲದಂತೆ ಮಾಡಲ್ಪಟ್ಟ ಜನ ತಮ್ಮ ಭೂತಕಾಲವನ್ನು ಬೇರೆ ಹೇಗೆ ಪಡೆಯಬೇಕಿತ್ತು?

1977ರಲ್ಲಿ ಲಿಮಾದ ಸ್ಪೇನ್ ರಾಯಭಾರಿಯ ಔತಣಕೂಟದಲ್ಲಿ ಕಾಯ್ತ್ರೊ ಸೋತೊ ಬಾರಿಸಿದ ಕಹೋನ್ ಕೇಳಿ ಫ್ಲಮೆಂಕೊ ಗಿಟಾರ್ ಮಾಂತ್ರಿಕ ಪಾಕೊ ದೆ ಲೂಸಿಯಾ ಮರುಳಾದರು, ಒಂದನ್ನು ಜೊತೆಗೊಯ್ದರು. ಕೆಲವೇ ವರ್ಷಗಳಲ್ಲಿ ಅದು ಸ್ಪೇನಿನದೇ ವಾದ್ಯವೆಂದು ಲೋಕ ನಂಬುವಷ್ಟು ಫ್ಲಮೆಂಕೊದಲ್ಲಿ ಬೆರೆತುಹೋಯಿತು. ಇಂದು ಬೆಂಗಳೂರಿನ ಕೆಫೆಗಳಲ್ಲಿ, ಕಾಲೇಜು ಬ್ಯಾಂಡುಗಳಲ್ಲಿ ಹುಡುಗರು ಕುಳಿತು ಬಾರಿಸುವ ಪೆಟ್ಟಿಗೆಯೂ ಇದೇ. ಪೆರು 2001ರಲ್ಲಿ ಕಹೋನನ್ನು ರಾಷ್ಟ್ರದ ಪರಂಪರೆಯೆಂದು ಘೋಷಿಸಿತು. ಶತಮಾನಗಳ ಅನ್ಯಾಯಕ್ಕಾಗಿ ಆಫ್ರಿಕನ್ ಮೂಲದ ಪ್ರಜೆಗಳ ಕ್ಷಮೆಯನ್ನು ಸರ್ಕಾರ ಕೇಳಿದ್ದು 2009ರಲ್ಲಿ. 2011ರಲ್ಲಿ ಗಾಯಕಿ ಸುಸಾನಾ ಬಾಕಾ ಕೆಲವು ತಿಂಗಳು ಸಂಸ್ಕೃತಿ ಸಚಿವೆಯಾದರು. ಇನ್ನು ಜನಗಣತಿಯಲ್ಲಿ ನೀವು ಯಾವ ಜನಾಂಗದವರೆಂದು ಗುರುತಿಸಿಕೊಳ್ಳುತ್ತೀರಿ ಎಂಬ ಪ್ರಶ್ನೆ 1940ರ ನಂತರ ಮತ್ತೆ ಬಂದದ್ದು 2017ರಲ್ಲಿ. ಆಗ ಎಂಟು ಲಕ್ಷಕ್ಕೂ ಹೆಚ್ಚು ಮಂದಿ ತಾವು ಆಫ್ರಿಕನ್ ಮೂಲದವರೆಂದು ಹೇಳಿಕೊಂಡರು. ವಾದ್ಯವನ್ನು ಪಟ್ಟಿಗೆ ಸೇರಿಸಿದ 16 ವರ್ಷಕ್ಕೆ ವಾದ್ಯ ಮಾಡಿದವರ ತಲೆ ಎಣಿಕೆಯಾಯಿತು.

ಗಡಿಯ ಜಗಳಗಳೂ ಈ ಹಾಡುಗಳ ಮೇಲೆ ಗುರುತು ಬಿಟ್ಟಿವೆ. ಕರವಸ್ತ್ರ ಬೀಸುತ್ತಾ ಜೋಡಿ ಕುಣಿಯುವ ಮರಿನೇರಾ ನೃತ್ಯವನ್ನು ಮೊದಲು 'ಚಿಲೇನಾ' ಎನ್ನುತ್ತಿದ್ದರು. 1879ರಲ್ಲಿ ಚಿಲಿಯೊಡನೆ ಯುದ್ಧ ಶುರುವಾದಾಗ ಪತ್ರಕರ್ತ ಅಬೆಲಾರ್ದೊ ಗಮಾರ್ರಾ ನೌಕಾಪಡೆಯ ಗೌರವಾರ್ಥ ಹೆಸರು ಬದಲಿಸಿದರು. 2009ರ ಭುವನಸುಂದರಿ (ಮಿಸ್ ಯೂನಿವರ್ಸ್) ಸ್ಪರ್ಧೆಯಲ್ಲಿ ಪೆರುವಿನ ಸ್ಪರ್ಧಿ ದಿಯಾಬ್ಲಾದಾ ನೃತ್ಯದ ವೇಷ ಧರಿಸಿದ್ದಕ್ಕೆ, ಅದು ತನ್ನ ನೃತ್ಯವೆಂದು ಬೊಲಿವಿಯಾ ಪ್ರತಿಭಟಿಸಿತು. ಟಿಟಿಕಾಕಾ ಸರೋವರದ ಎರಡೂ ದಡದಲ್ಲಿರುವವರು ಒಂದೇ ಆಯ್ಮಾರಾ ಜನ. ಅವರ ನಡುವೆ ಗೆರೆ ಎಳೆದವು ಗಣರಾಜ್ಯಗಳು.

ಜನರಲ್ ಹುವಾನ್ ವೆಲಾಸ್ಕೊ ಅವರ ಮಿಲಿಟರಿ ಸರ್ಕಾರ ಜಮೀನ್ದಾರಿಕೆ ಮುರಿಯಿತು, 1975ರಲ್ಲಿ ಕೆಚುವಾಕ್ಕೆ ಅಧಿಕೃತ ಭಾಷೆಯ ಸ್ಥಾನ ಕೊಟ್ಟಿತು, ವಿಕ್ಟೋರಿಯಾ ಸಾಂತಾ ಕ್ರೂಸ್ ಅವರನ್ನು ರಾಷ್ಟ್ರೀಯ ಜಾನಪದ ತಂಡದ ಮುಖ್ಯಸ್ಥೆಯಾಗಿಸಿತು. ಅದೇ ಸರ್ಕಾರದ ಪೊಲೀಸರು 1969ರ ಜೂನ್‌ನಲ್ಲಿ ವಾಂತಾ ಪಟ್ಟಣದಲ್ಲಿ ಉಚಿತ ಶಿಕ್ಷಣ ಕೇಳಿದ ವಿದ್ಯಾರ್ಥಿಗಳ, ರೈತರ ಮೇಲೆ ಗುಂಡು ಹಾರಿಸಿದ್ದರು. ಆ ಸಾವುಗಳ ಕುರಿತು ಶಿಕ್ಷಕ ರಿಕಾರ್ದೊ ದೊಲೊರಿಯೆರ್ ಬರೆದ 'ಫ್ಲೋರ್ ದೆ ರೆತಾಮಾ' ವಾಯ್ನೊ, ಮಾರ್ತಿನಾ ಪೋರ್ತೊಕಾರ್ರೆರೊ ಅವರ ಕಂಠದಲ್ಲಿ ದೇಶವನ್ನೆಲ್ಲ ತಲುಪಿತು. 1980ರಲ್ಲಿ ಶೈನಿಂಗ್ ಪಾತ್ ಬಂಡುಕೋರರ ಹಿಂಸೆ, ಅದಕ್ಕೆ ಸೇನೆಯ ಪ್ರತಿಹಿಂಸೆ ಶುರುವಾಯಿತು. ಎರಡು ದಶಕಗಳಲ್ಲಿ ಸತ್ತವರು, ಕಾಣೆಯಾದವರು ಸುಮಾರು 69,280 ಎಂದು ಸತ್ಯಶೋಧನಾ ಆಯೋಗ 2003ರಲ್ಲಿ ಅಂದಾಜಿಸಿತು; ಅವರಲ್ಲಿ ನಾಲ್ವರಲ್ಲಿ ಮೂವರು ಕೆಚುವಾ ಅಥವಾ ಬೇರೆ ಮೂಲನಿವಾಸಿ ಭಾಷೆಯವರು. ಪತ್ರಿಕೆಗಳು ಬರೆಯಲಾಗದ್ದನ್ನು ಆಯಾಕುಚೊದ ಹಾಡುಗಾರರು ಹಾಡಿದರು. ಕಾರ್ಲೋಸ್ ಫಾಲ್ಕೊನಿಯಂಥವರ ವಾಯ್ನೊಗಳು ಆ ಕಾಲದ ಸಾಕ್ಷ್ಯಪತ್ರಗಳು. ಎರಡೂ ಕಡೆಯ ಬಂದೂಕುಗಳ ನಡುವೆ ನಿಂತು ಹಾಡಿದವರ ಧೈರ್ಯ ಸಣ್ಣದಲ್ಲ.

ಲಿಮಾದಲ್ಲಿ ವಲಸಿಗರ ಮಕ್ಕಳು ಮತ್ತೊಂದನ್ನು ಕಟ್ಟುತ್ತಿದ್ದರು. ಕೊಲಂಬಿಯಾದ ಕುಂಬಿಯಾ ತಾಳ, ಎಲೆಕ್ಟ್ರಿಕ್ ಗಿಟಾರ್, ಅದರ ಮೇಲೆ ವಾಯ್ನೊದ ರಾಗ. ಇದಕ್ಕೆ ಚಿಚಾ ಎಂದು ಹೆಸರಾಯಿತು. ವಾಂಕಾಯೊದ ಲೋಸ್ ಶಾಪಿಸ್ ತಂಡ 1981ರಲ್ಲಿ ಹಳೆಯ ವಾಯ್ನೊ ಒಂದನ್ನು ಕುಂಬಿಯಾ ಮಾಡಿ 'ಎಲ್ ಅಗ್ವಾಹಾಲ್' ಎಂದು ಹಾಡಿದಾಗ ದೇಶವೇ ಕುಣಿಯಿತು. ಬೀದಿ ವ್ಯಾಪಾರಿಗಳ, ದಿನಗೂಲಿಗಳ ಗಾಯಕ ಚಕಾಲೊನ್ 1994ರಲ್ಲಿ ತೀರಿಕೊಂಡಾಗ ಗುಡ್ಡದ ಬಡಾವಣೆಗಳಿಂದ ಸಾವಿರಾರು ಜನ ಸ್ಮಶಾನಕ್ಕೆ ಇಳಿದು ಬಂದರು. 'ಚಿಚಾ' ಎಂಬುದನ್ನೇ ಸುಶಿಕ್ಷಿತರು ಕೀಳು ಅಭಿರುಚಿಯ ಬೈಗುಳವಾಗಿ ಬಳಸಿದರು. ಈಗ ಆ ಗಿಟಾರ್ ನಾದವನ್ನು ವಿದೇಶಿ ಸಂಗ್ರಾಹಕರು ಹುಡುಕಿಕೊಂಡು ಬರುತ್ತಾರೆ, ಚಿಚಾ ಪೋಸ್ಟರ್‌ಗಳ ಮಿಂಚುಬಣ್ಣ ಕಲಾಶಾಲೆಗಳನ್ನು ಸೇರಿದೆ.

ಪೂನೊದ ಕಾಂದೆಲಾರಿಯಾ ಮಾತೆಯ ಉತ್ಸವವನ್ನು ಯುನೆಸ್ಕೊ 2014ರಲ್ಲಿ ಮನುಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಸರ್ಕಾರದ ಪ್ರವಾಸೋದ್ಯಮ ಚಿತ್ರಗಳಲ್ಲಿ ಅದರ ಸಿಕು ತಂಡಗಳು ಮೆರೆಯುತ್ತವೆ. 2023ರ ಜನವರಿ 9ರಂದು ಅದೇ ಪೂನೊ ಪ್ರಾಂತ್ಯದ ಹುಲಿಯಾಕಾದಲ್ಲಿ, ಸರ್ಕಾರದ ವಿರುದ್ಧದ ಪ್ರತಿಭಟನೆಯಲ್ಲಿ ಒಂದೇ ದಿನ ಹದಿನೇಳಕ್ಕೂ ಹೆಚ್ಚು ಜನ ಸತ್ತರು. ಆ ಫೆಬ್ರವರಿಯ ನೃತ್ಯಸ್ಪರ್ಧೆಗಳನ್ನು ಜಾನಪದ ಒಕ್ಕೂಟ ನಿಲ್ಲಿಸಿತು. ನಮ್ಮ ಕುಣಿತ ಬೇಕು, ನಾವು ಬೇಡವೇ ಎಂದು ಕೇಳಲು ಅವರಿಗೆ ಹಕ್ಕಿತ್ತು.

ಈ ಪ್ರಶ್ನೆಯನ್ನು ಈಗ ಹೊಸ ಪೀಳಿಗೆ ತನ್ನದೇ ದನಿಯಲ್ಲಿ ಕೇಳುತ್ತಿದೆ. ಲೆನಿನ್ ತಮಾಯೊ ಕೊರಿಯಾದ ಪಾಪ್ ಶೈಲಿಗೆ ಕೆಚುವಾ ಬೆರೆಸಿ ಹಾಡುತ್ತಾರೆ. ಅವರ ತಾಯಿ ಆಂಡೀಸ್ ಹಾಡುಗಳ ಗಾಯಕಿ. ಆಯಾಕುಚೊದ ರೆನಾತಾ ಫ್ಲೋರೆಸ್ 2015ರಲ್ಲಿ, ಹದಿಹರೆಯದಲ್ಲೇ, ಮೈಕೆಲ್ ಜಾಕ್ಸನ್ ಹಾಡೊಂದನ್ನು ಕೆಚುವಾದಲ್ಲಿ ಹಾಡಿದ ವಿಡಿಯೊ ಲಕ್ಷಾಂತರ ಜನರನ್ನು ತಲುಪಿತು. ಈಗ ಅವರು ಟ್ರ್ಯಾಪ್ ತಾಳಕ್ಕೆ ತಾವೇ ಕೆಚುವಾ ಹಾಡು ಕಟ್ಟುತ್ತಾರೆ. ಅವಮಾನದ ಭಯಕ್ಕೆ ಎಷ್ಟೋ ಮನೆಗಳಲ್ಲಿ ಹಿರಿಯರು ಮಕ್ಕಳಿಗೆ ಆ ಭಾಷೆ ಕಲಿಸಲಿಲ್ಲ. ರೆನಾತಾ ಪದಗಳಿಗಾಗಿ ಮೊರೆಹೋದದ್ದು ಅಜ್ಜಿಯನ್ನು.